ತುಕ್ಕು ಹಿಡಿದು ಬಾಯಿ ಮುಕ್ಕಾದ ಹಳೆಯ ಕ್ಷೌರದ ಕತ್ತಿಯನ್ನು ಹೊಸಬರು ಮತ್ತೆ ಬಳಕೆಗೆ ತರಬಹುದೇ?

ಅಲಗಿನ ತುಂಬ ತುಕ್ಕು, ಬಾಯಲ್ಲಿ ಎರಡು ಕಡೆ ಮುಕ್ಕು, ಹಿಡಿಯಲ್ಲಿ ಬಿರುಕು ಇರುವ ಹಳೆಯ ಮಡಚುವ ಕ್ಷೌರದ ಕತ್ತಿಯೊಂದು ಕೈಗೆ ಬಂದಿದೆ, ಈ ಕೆಲಸವನ್ನು ಎಂದೂ ಮಾಡಿಲ್ಲದವರು ಅದನ್ನು ಮತ್ತೆ ಮುಖಕ್ಕೆ ಹಿಡಿಯುವ ಸ್ಥಿತಿಗೆ ತರಬಹುದೇ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ತರಬಹುದು. ಆದರೆ ಅದು ನಿಂತಿರುವುದು ಬಾಯಿಯ ಅಂಚಿನಿಂದ ಒಳಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಉಕ್ಕು ಹೇಗಿದೆ ಎಂಬುದರ ಮೇಲೆ. ಉಳಿದ ಅಲಗು ಎಷ್ಟು ಕಪ್ಪಾಗಿದ್ದರೂ ಕ್ಷೌರಕ್ಕೆ ಅಡ್ಡಿಯಾಗುವುದಿಲ್ಲ. ಹಲವರು ವಾರಗಟ್ಟಲೆ ಉಜ್ಜಿ ಕತ್ತಿಯನ್ನು ಫಳಫಳ ಹೊಳೆಯುವಂತೆ ಮಾಡಿದ ಮೇಲೆ ಬಾಯಿ ನಿಲ್ಲುವುದಿಲ್ಲವೆಂದು ಕಂಡುಕೊಳ್ಳುತ್ತಾರೆ. ಆದ್ದರಿಂದ ಪರೀಕ್ಷೆ ಅಂಚಿನಿಂದಲೇ ಆರಂಭವಾಗಲಿ.

ಮೊದಲು ಗಾಜಿನ ಲೋಟದ ಅಂಚಿನ ಮೇಲೆ ಕತ್ತಿಯ ಬಾಯನ್ನು ಹಗುರವಾಗಿ ಎಳೆದು ಮೊಂಡು ಮಾಡಿಕೊಳ್ಳಿ. ತುಕ್ಕಿನ ಕತ್ತಿಯೂ ಬೆರಳು ಕೊಯ್ಯುತ್ತದೆ. ಬಳಿಕ ತೆಳುವಾದ ಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಸ್ವಲ್ಪ ಹೊತ್ತು ಬಿಡಿ. ಅಲಗಿನಲ್ಲಿ ಕೂದಲೆಳೆಯಂಥ ಸೀಳು ಇದ್ದರೆ, ಒಳಗೆ ಸೇರಿದ ಎಣ್ಣೆ ಅಂಚಿನಿಂದ ಬೆನ್ನಿನ ಕಡೆಗೆ ಸಣ್ಣ ಗೆರೆಯಾಗಿ ಮತ್ತೆ ಒಸರುತ್ತದೆ. ಹಾಗೆ ಕಂಡರೆ ಕೆಲಸವನ್ನು ಅಲ್ಲಿಗೇ ಕೈಬಿಡಿ, ಸೀಳಿದ ಅಲಗಿಗೆ ಮದ್ದಿಲ್ಲ. ಸೀಳಿಲ್ಲದಿದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಅಂಚನ್ನು ನೋಡಿ. ಕೆಂಪು ತುಕ್ಕು ಮೇಲ್ಮೈಯದು, ಹೋಗುತ್ತದೆ. ಕಪ್ಪು ಗುಳಿಗಳು ಉಕ್ಕನ್ನು ಒಳಕ್ಕೆ ತಿಂದಿರುತ್ತವೆ. ಅವು ಅಂಚಿನಲ್ಲೇ ಇದ್ದರೆ ಗುಳಿಯ ತಳ ಮುಗಿಯುವವರೆಗೂ ಅಲಗನ್ನು ಸವೆಸಬೇಕಾಗುತ್ತದೆ.

ಮುಕ್ಕಿನ ಆಳವನ್ನು ಅಳೆಯುವುದಕ್ಕೂ ಕಾರಣವಿದೆ. ಈ ಕತ್ತಿಯನ್ನು ಮಸೆಯುವಾಗ ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗುತ್ತವೆ, ಆದ್ದರಿಂದ ಬೆನ್ನಿನ ದಪ್ಪ ಮತ್ತು ಅಲಗಿನ ಅಗಲವೇ ಬಾಯಿಯ ಕೋನವನ್ನು ನಿರ್ಧರಿಸುತ್ತವೆ. ಬೆನ್ನು 4.5 ಮಿ.ಮೀ. ದಪ್ಪವಿದ್ದು ಅಲಗು 16 ಮಿ.ಮೀ. ಅಗಲವಿದ್ದರೆ ಕೋನ ಸುಮಾರು 16 ಡಿಗ್ರಿ. ಮುಕ್ಕು ತೆಗೆಯಲು ಅಗಲವನ್ನು 14ಕ್ಕೆ ಇಳಿಸಿದರೆ ಅದು 18 ಡಿಗ್ರಿ ದಾಟುತ್ತದೆ. ಜೊತೆಗೆ ಅಲಗಿನ ಟೊಳ್ಳುಭಾಗದ, ಅಂದರೆ ಬೆನ್ನು ಮತ್ತು ಬಾಯಿಯ ನಡುವೆ ಒಳಕ್ಕೆ ಬಾಗಿಸಿ ಸವೆಸಿದ ಭಾಗದ, ತೆಳುವಾದ ಉಕ್ಕೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಒಂದು ಮಿಲಿಮೀಟರಿನೊಳಗಿನ ಮುಕ್ಕಾದರೆ ಧೈರ್ಯವಾಗಿ ಮುಂದುವರಿಯಿರಿ. ಎರಡು ದಾಟಿದ್ದರೆ ಮೊದಲ ಪ್ರಯತ್ನಕ್ಕೆ ಬೇರೆ ಕತ್ತಿ ಹುಡುಕುವುದು ಲೇಸು.

ಹಿಡಿಯನ್ನು ಕಡೆಗಣಿಸಬೇಡಿ. ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್. ಹಳತಾಗಿ ಕೊಳೆಯತೊಡಗಿದ ಸೆಲ್ಯುಲಾಯ್ಡ್ ಹೊರಬಿಡುವ ಆಮ್ಲದ ಆವಿ ಅಲಗನ್ನು ಮತ್ತೆ ಮತ್ತೆ ತುಕ್ಕುಹಿಡಿಸುತ್ತದೆ, ಹತ್ತಿರವಿಟ್ಟ ಬೇರೆ ಕತ್ತಿಗಳನ್ನೂ ಬಿಡುವುದಿಲ್ಲ. ಅಂಥ ಹಿಡಿಯನ್ನು ತೆಗೆದುಹಾಕಲೇಬೇಕು, ಬೆಂಕಿಯಿಂದ ದೂರವೂ ಇಡಬೇಕು, ಏಕೆಂದರೆ ಅದು ಥಟ್ಟನೆ ಹೊತ್ತಿಕೊಳ್ಳುವ ವಸ್ತು. ಹಿಡಿಯನ್ನು ಅಲಗಿಗೆ ಸೇರಿಸಿರುವ ಮೊಳೆಯ ಉಬ್ಬಿದ ತಲೆಯನ್ನು ಅರದಿಂದ ಸವೆಸಿ ಮೊಳೆಯನ್ನು ಹೊರಕ್ಕೆ ತಟ್ಟಬಹುದು. ಹಿಡಿಯ ತುದಿಯ ಬೆಣೆ ಹಳೆಯ ಕತ್ತಿಗಳಲ್ಲಿ ಎಷ್ಟೋ ಸಲ ಸೀಸದ್ದಾಗಿರುತ್ತದೆ. ಅದನ್ನು ಒಣದಾಗಿ ಉಜ್ಜಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಹಿಡಿ ಕೊಂಬಿನದಾಗಿದ್ದು ಸಣ್ಣ ಬಿರುಕಷ್ಟೇ ಇದ್ದರೆ ಅಂಟಿನಲ್ಲಿ ಸರಿಹೋಗುತ್ತದೆ, ಬಿಚ್ಚುವ ಅಗತ್ಯವಿಲ್ಲ.

ತುಕ್ಕು ತೆಗೆಯಲು ಎಣ್ಣೆ ಮತ್ತು ಅತಿ ನುಣುಪಾದ ಉಕ್ಕಿನ ನಾರು ಸಾಕು. ಬಳಿಕ ನೀರಿನಲ್ಲಿ ನೆನೆಸಿ ಬಳಸುವ ಎಮರಿ ಕಾಗದವನ್ನು 400ರಿಂದ 2000ದವರೆಗೆ ಕ್ರಮವಾಗಿ ಬಳಸಿ (ಅಂಕಿ ಹೆಚ್ಚಿದಷ್ಟೂ ಕಾಗದ ನಯ). ಅಲಗನ್ನು ಚಪ್ಪಟೆ ಹಲಗೆಯ ಮೇಲೆ ಮಲಗಿಸಿ, ಅಂಚಿಗೆ ಟೇಪ್ ಸುತ್ತಿ, ಉದ್ದುದ್ದವಾಗಿ ಉಜ್ಜಿ. ಬಾಯಿಯ ಕಡೆಗೆ ಬೆರಳು ಜಾರುವಂತೆ ಎಂದೂ ಉಜ್ಜಬೇಡಿ. ತಿರುಗುವ ಯಂತ್ರ ಬೇಡ. ತೆಳುವಾದ ಅಂಚು ಕ್ಷಣಾರ್ಧದಲ್ಲಿ ಕಾಯುತ್ತದೆ, ಉಕ್ಕು ನೀಲಿಗೆ ತಿರುಗಿತೆಂದರೆ ಅಲ್ಲಿ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಹದ ಹೋಯಿತೆಂದೇ ಅರ್ಥ. ಅಲಗಿನ ಮೇಲಿನ ಚಿನ್ನದ ಬರಹ ಮತ್ತು ಬುಡದ ಮುದ್ರೆಯನ್ನು ಮುಟ್ಟದಿರಿ. ಅಮೆರಿಕದ 1890ರ ಸುಂಕ ಕಾಯ್ದೆಯಿಂದಾಗಿ 1891ರಿಂದ ಅಲ್ಲಿಗೆ ಆಮದಾಗುವ ಸರಕಿನ ಮೇಲೆ ದೇಶದ ಹೆಸರು ಕಡ್ಡಾಯವಾಯಿತು. ಇಂಗ್ಲೆಂಡಿನ ಷೆಫೀಲ್ಡ್ ಅಥವಾ ಜರ್ಮನಿಯ ಜೋಲಿಂಗನ್ ಊರಿನ ಕತ್ತಿಯ ಕಾಲವನ್ನು ಅಂದಾಜಿಸಲು ಆ ಮುದ್ರೆ ನೆರವಾಗುತ್ತದೆ. ಗುಳಿಗಳೆಲ್ಲ ಮಾಯವಾಗುವವರೆಗೆ ಉಜ್ಜುವ ಹಟ ನನಗೆ ಹಿಡಿಸದು. ಅದರಿಂದ ಅಲಗು ತೆಳ್ಳಗಾಗುವುದೇ ಹೊರತು ಹರಿತವಾಗುವುದಿಲ್ಲ.

ಸಾಣೆಯೇ ನಿಜವಾದ ಕೆಲಸ. ಕಲ್ಲು ಸಮತಟ್ಟಾಗಿರಬೇಕು. ಮುಕ್ಕು ದೊಡ್ಡದಿದ್ದರೆ ಇನ್ನೂ ಒರಟಾದ ಕಲ್ಲಿನಿಂದ ತೊಡಗಿ, ಬಳಿಕ 1000ದ ಕಲ್ಲಿಗೆ ಬನ್ನಿ (ಇಲ್ಲೂ ಅಂಕಿ ಹೆಚ್ಚಿದಷ್ಟೂ ಕಲ್ಲು ನಯ). ಬೆನ್ನು ಸವೆಯದಂತೆ ಅದಕ್ಕೆ ಒಂದು ಪದರ ವಿದ್ಯುತ್ ಟೇಪ್ ಅಂಟಿಸಿ, ಹರಿದ ಕೂಡಲೇ ಬದಲಿಸಿ. ಅಂಚಿನ ಎರಡೂ ಬದಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ಕೆಲವು ಸಲ ಮಸೆದು ನೋಡಿ: ಬಣ್ಣ ಎಲ್ಲಿ ಉಳಿದಿದೆಯೋ ಅಲ್ಲಿ ಕಲ್ಲು ತಾಗಿಲ್ಲ. ಹಳೆಯ ಕತ್ತಿಗಳಲ್ಲಿ ಸಾಮಾನ್ಯವಾಗಿ ಬುಡದಲ್ಲೋ ತುದಿಯಲ್ಲೋ ಬಣ್ಣ ಹಾಗೇ ನಿಂತಿರುತ್ತದೆ. ಆಗ ಒತ್ತಡ ಹೆಚ್ಚಿಸುವ ಆಸೆಯಾಗುತ್ತದೆ, ಆದರೆ ಒತ್ತಿದರೆ ತೆಳುವಾದ ಅಲಗು ಬಾಗಿ ಸುಳ್ಳು ಗುರುತು ಕೊಡುತ್ತದೆ. ಒತ್ತದೆ, ಅಲಗನ್ನು ಬುಡದಿಂದ ತುದಿಯವರೆಗೆ ಕಲ್ಲಿನ ಮೇಲೆ ಓರೆಯಾಗಿ ಎಳೆಯಿರಿ. ಬಾಯಿಯ ಪ್ರತಿ ಭಾಗವೂ ತೋಳಿನ ಕೂದಲನ್ನು ಸಮನಾಗಿ ಕತ್ತರಿಸುವವರೆಗೆ 1000ದ ಕಲ್ಲನ್ನು ಬಿಡಬೇಡಿ. ಇಲ್ಲಿ ಅರೆಬರೆಯಾದದ್ದನ್ನು ಮುಂದಿನ ನಯವಾದ ಕಲ್ಲುಗಳು ಸರಿಪಡಿಸಲಾರವು. ಆಮೇಲೆ 4000, 8000, ಸಾಧ್ಯವಾದರೆ 12000. ಕೊನೆಗೆ ಬಟ್ಟೆಯ ಮೇಲೂ ಚರ್ಮದ ಪಟ್ಟಿಯ ಮೇಲೂ ಬೆನ್ನು ಮುಂದಾಗಿ ಹತ್ತಾರು ಸಲ ಎಳೆಯಿರಿ.

ಮುಖಕ್ಕೆ ಹಿಡಿಯುವ ಮೊದಲು ಸೋಪಿನಿಂದ ತೊಳೆದು 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಮೊದಲ ಪ್ರಯೋಗ ಕೆನ್ನೆಯ ಮೇಲಷ್ಟೇ ಸಾಕು, ಗಂಟಲಿನ ಮೇಲೆ ಬೇಡ. ಬಳಿಕ ಭೂತಗನ್ನಡಿಯಲ್ಲಿ ಅಂಚನ್ನು ಮತ್ತೊಮ್ಮೆ ನೋಡಿ. ಎಲ್ಲೋ ಒಂದು ಕಡೆ ಸೂಜಿಮೊನೆಯಷ್ಟು ಪುಡಿಯುದುರಿದ್ದರೆ ಅಲ್ಲಿ ಗುಳಿಯ ತಳ ಇನ್ನೂ ಉಳಿದಿದೆ. 1000ದ ಕಲ್ಲಿಗೆ ಹಿಂತಿರುಗಿ. ಅದೇ ಜಾಗ ಮತ್ತೂ ಉದುರಿದರೆ ಆ ಉಕ್ಕಿನ ಮೇಲೆ ಹೆಚ್ಚಿನ ಶ್ರಮ ಹಾಕಬೇಡಿ, ಎಣ್ಣೆ ಸವರಿ ಕಪಾಟಿನಲ್ಲಿಡಿ.