ಒಂದು ಎಕರೆ ಹೊಲ, ಒಂದು ಹೊಸ ಮೂತ್ರಕೋಶ

(ಗುರುತು ಸಿಗಬಾರದೆಂದು ಊರು, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಂದೆತಾಯಿಯ ಒಪ್ಪಿಗೆ ಇದೆ. ಮಗಳನ್ನೂ ಕೇಳಿದ್ದೇನೆ.)

ಆಸ್ಪತ್ರೆಯಲ್ಲಿ ರೋಗಿಗಳ ಮತ್ತು ಮನೆಯವರ ಜೊತೆ ಮಾತಾಡುವುದು ನನ್ನ ಕೆಲಸ. ಮಕ್ಕಳ ಯುರಾಲಜಿ (ಮೂತ್ರರೋಗ) ವಾರ್ಡಿನಿಂದ ಸಿಸ್ಟರ್ ಫೋನ್ ಮಾಡಿದ್ದರು. ಒಂಬತ್ತು ವರ್ಷದ ಹುಡುಗಿ ಚಳಿಜ್ವರದಿಂದ ಅಡ್ಮಿಟ್ ಆಗಿದ್ದಾಳೆ, ಮೂತ್ರದ ಸೋಂಕು. "ತಾಯಿ ಮಧ್ಯಾಹ್ನ ಮೂತ್ರ ತೆಗೆಯೋ ಪೈಪು ಹಾಕೋದನ್ನ ಎರಡು ವಾರದಿಂದ ಬಿಟ್ಟುಬಿಟ್ಟಿದ್ದಾರೆ. ಯಾಕೆ ಅಂದ್ರೆ ಬಾಯಿ ಬಿಡ್ತಿಲ್ಲ. ನೀವೊಂದು ಸಲ ಮಾತಾಡಿ ನೋಡಿ."

ಹಾವೇರಿ ಕಡೆಯ ರೈತ ಕುಟುಂಬ. ಮಗಳನ್ನು ಮನೆಯಲ್ಲಿ ಪುಟ್ಟಿ ಅಂತಲೇ ಕರೆಯುತ್ತಾರೆ. ಹುಟ್ಟುವಾಗಲೇ ಬೆನ್ನಿನ ಕೆಳಗೆ ನೀರುಗುಳ್ಳೆಯಂಥ ಗಂಟಿತ್ತು. ಗರ್ಭದಲ್ಲೇ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಈ ದೋಷಕ್ಕೆ ವೈದ್ಯರು ಸ್ಪೈನಾ ಬೈಫಿಡಾ ಎನ್ನುತ್ತಾರೆ. ಗಂಟಿನ ಆಪರೇಷನ್ ಆಯಿತು, ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಾಳೆ. ಮೂತ್ರಕೋಶದ ನರಗಳು ಮಾತ್ರ ಸರಿಯಾಗಲಿಲ್ಲ. ತುಂಬಿದ್ದು ಅವಳಿಗೆ ಗೊತ್ತಾಗುವುದಿಲ್ಲ, ತಾನಾಗಿ ಪೂರ್ತಿ ಖಾಲಿಯೂ ಆಗುವುದಿಲ್ಲ. ಒಳಗಿನ ಒತ್ತಡ ಏರುತ್ತಾ ಹೋದರೆ ಪೆಟ್ಟು ಬೀಳುವುದು ಕಿಡ್ನಿಗೆ. ಅದಕ್ಕೇ ನಾಲ್ಕು ಗಂಟೆಗೊಮ್ಮೆ ತೆಳು ಪೈಪು, ಅಂದರೆ ಕ್ಯಾಥೆಟರ್ ಹಾಕಿ ಮೂತ್ರ ತೆಗೆಯಬೇಕು, ಜೊತೆಗೆ ಒತ್ತಡ ಇಳಿಸುವ ಆಕ್ಸಿಬ್ಯುಟಿನಿನ್ ಮಾತ್ರೆ.

ತಾಯಿಯ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅದರೊಳಗೆ ಸೋಪಿನಲ್ಲಿ ತೊಳೆದು, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಎರಡು ಕ್ಯಾಥೆಟರ್. ಪಕ್ಕದಲ್ಲಿ ಪುಟ್ಟಿಯ ಹಳೇ ಗಣಿತದ ನೋಟ್‌ಬುಕ್. ಅದರ ಹಿಂದಿನ ಹಾಳೆಗಳಲ್ಲಿ ಪೆನ್ಸಿಲ್ಲಿನಲ್ಲಿ ಗೀಟೆಳೆದು ದಿನ, ಹೊತ್ತು, ಎಷ್ಟು ಎಂಎಲ್ ಎಂದು ಬರೆದಿದ್ದರು. ಎಷ್ಟೋ ತಿಂಗಳ ಲೆಕ್ಕ, ಒಂದು ಹೊತ್ತೂ ತಪ್ಪಿರಲಿಲ್ಲ. ಕೊನೆಯ ಎರಡು ವಾರ ಮಾತ್ರ ಹನ್ನೊಂದೂವರೆಯ ಮನೆ ಖಾಲಿ.

ಆ ಪುಟದ ಮೇಲೆ ಬೆರಳಿಟ್ಟು ಸುಮ್ಮನೆ ಕೂತೆ. ಆಮೇಲೆ ಅವರೇ ಶುರು ಮಾಡಿದರು. "ದಿನಾ ಸಾಲಿಗೆ ಹೋಗತೇನ್ರಿ. ಮೂಲ್ಯಾಗ ಸೀರಿ ಅಡ್ಡ ಹಿಡದು ಹಾಕತೇನಿ. ಹುಡುಗೂರು ಕಿಟಕ್ಯಾಗ ಇಣುಕತಾವ. ಪುಟ್ಟಿ ಈಗ ಅಳಾಕತ್ಯಾಳ. ಇಂಜೆಕ್ಷನ್ ಮಾಡಿಸಿದ್ರ ಪೈಪ್ ಬೇಕಾಗಂಗಿಲ್ಲ ಅಂದಾರ್ರಿ. ಅದಕ್ಕ ಈಗಿಂದನ ಒಂದು ಹೊತ್ತು ಬಿಟ್ಟು ರೂಢಿ ಮಾಡಸೋಣಂತ…"

ಹೇಳಿದ್ದು ದೊಡ್ಡ ಊರಿನ ಒಂದು ಕ್ಲಿನಿಕ್. ಬೆನ್ನಿಗೆ ಸ್ಟೆಮ್ ಸೆಲ್ (ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಇಂಜೆಕ್ಷನ್, ನಾಲ್ಕು ಲಕ್ಷ. ತಂದೆಯ ಜೇಬಿನಲ್ಲಿ ಅವರು ಕೊಟ್ಟ ಜೆರಾಕ್ಸ್ ಪ್ರತಿ ಇತ್ತು: ಅಮೆರಿಕದಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಮೂತ್ರಕೋಶದ ಸುದ್ದಿ. "ಇರೋದು ಎರಡೆಕರೆ. ಒಂದು ಮಾರಿದ್ರ ಆತು ಮೇಡಂ. ಮಗಳಿಗಿಂತ ಹೊಲ ದೊಡ್ಡದೇನ್ರಿ?"

ಅವರ ಆಸೆಯನ್ನು ಸುಳ್ಳು ಎನ್ನಲು ನನಗೆ ಮನಸ್ಸಾಗಲಿಲ್ಲ. ಸುದ್ದಿ ಸುಳ್ಳಾಗಿರಲೂ ಇಲ್ಲ. ಹಾಗಾಗಿ ಆ ಜೆರಾಕ್ಸನ್ನೇ ಮುಂದಿಟ್ಟುಕೊಂಡು ಪೂರ್ತಿ ಕತೆ ಹೇಳಿದೆ.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಆಂಥನಿ ಅಟಾಲಾ ಅವರ ತಂಡ 1999ರಿಂದ ಈ ಕೆಲಸ ಮಾಡಿತು. 4ರಿಂದ 19 ವರ್ಷದ 7 ಜನ, ಎಲ್ಲರಿಗೂ ಪುಟ್ಟಿಯದೇ ತೊಂದರೆ. ಅವರ ಮೂತ್ರಕೋಶದಿಂದಲೇ ಸಣ್ಣ ಚೂರು ತೆಗೆದು, ಒಳಪದರದ ಮತ್ತು ಸ್ನಾಯುವಿನ ಜೀವಕೋಶಗಳನ್ನು ಬೇರೆಬೇರೆಯಾಗಿ ಬೆಳೆಸಿ, ಮೂತ್ರಕೋಶದ ಆಕಾರದ ಅಚ್ಚಿನ ಮೇಲೆ ಬಿತ್ತಿ, ಸುಮಾರು ಏಳು ವಾರದ ಮೇಲೆ ಆಪರೇಷನ್ ಮಾಡಿ ಜೋಡಿಸಿದರು. ಅಚ್ಚು ಕಾಲಕ್ರಮದಲ್ಲಿ ಕರಗಿಹೋಗುತ್ತದೆ. 2006ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂದಾಗ ಜಗತ್ತೆಲ್ಲ ಕಣ್ಣರಳಿಸಿ ನೋಡಿತು. ಯಾಕೆಂದರೆ ಅಲ್ಲಿಯವರೆಗೆ ಮೂತ್ರಕೋಶ ದೊಡ್ಡದು ಮಾಡಲು ಮುಖ್ಯವಾಗಿ ಇದ್ದದ್ದು ಕರುಳಿನ ತುಂಡು ಹೊಲಿಯುವ ದಾರಿ. ಕರುಳು ಎಲ್ಲಿಟ್ಟರೂ ಕರುಳೇ. ಲೋಳೆ ಸುರಿಸುತ್ತದೆ, ಕಲ್ಲು ಕಟ್ಟುತ್ತದೆ, ರಕ್ತದ ಆಮ್ಲ-ಕ್ಷಾರದ ಹದ ಕೆಡಿಸುತ್ತದೆ.

ಜೆರಾಕ್ಸಿನಲ್ಲಿ ಇಲ್ಲದ್ದು ಮುಂದಿನ ಭಾಗ. ಹೊಸ ಮೂತ್ರಕೋಶ ಪಡೆದವರೂ ಪೈಪು ಹಾಕಿಕೊಂಡೇ ಮೂತ್ರ ತೆಗೆಯುತ್ತಿದ್ದರು. ಚೀಲ ಹೊಸದಾದರೂ ನರ ಹೊಸದಾಗಲಿಲ್ಲ. ಇದನ್ನು ಹೇಳಿದಾಗ ತಾಯಿ ಗಂಡನ ಮುಖ ನೋಡಿದರು. ಆಮೇಲೆ ಇದೇ ಬಗೆಯ ವಿಧಾನವನ್ನು ಸ್ಪೈನಾ ಬೈಫಿಡಾ ಇರುವ 10 ಮಕ್ಕಳಲ್ಲಿ ಎರಡನೇ ಹಂತದ ಪ್ರಯೋಗವಾಗಿ ನಡೆಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 36 ತಿಂಗಳ ನಂತರವೂ ಮೂತ್ರಕೋಶದಲ್ಲಿ ಹಿಡಿಸುವ ಮೂತ್ರದ ಪ್ರಮಾಣ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಕೆಲವರಿಗೆ ಕರುಳು ಕಟ್ಟಿತು, ಮೂತ್ರಕೋಶ ಒಡೆಯಿತು. ಅಪಾಯ ಒಪ್ಪುವ ಮಿತಿ ದಾಟಿದೆ ಎಂದು ಸಂಶೋಧಕರೇ ಬರೆದರು. ಆ ಹತ್ತು ಮಕ್ಕಳನ್ನು ನೆನೆದರೆ ನನಗೆ ಕೈ ಮುಗಿಯಬೇಕೆನಿಸುತ್ತದೆ. ಪುಟ್ಟಿಯನ್ನು ಯಾವುದರಿಂದ ಕಾಪಾಡಬೇಕೆಂದು ಇವತ್ತು ನಮಗೆ ಗೊತ್ತಿರುವುದು ಅವರಿಂದ.

ಇನ್ನು ಕ್ಲಿನಿಕ್ಕಿನವರು ಹೇಳಿದ ಬೆನ್ನಿನ ಇಂಜೆಕ್ಷನ್ನಿಗೂ ಬಾಸ್ಟನ್ನಿನ ಈ ಕೆಲಸಕ್ಕೂ ಸಂಬಂಧವೇ ಇಲ್ಲ. ನಮ್ಮ ದೇಶದಲ್ಲಿ ವೈದ್ಯಕೀಯ ಸಂಶೋಧನೆಯ ಕೇಂದ್ರ ಸಂಸ್ಥೆಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ ಸ್ಟೆಮ್ ಸೆಲ್ಲಿನ ಉಳಿದ ಬಳಕೆಯೆಲ್ಲ ಇನ್ನೂ ಪ್ರಯೋಗ, ಅದನ್ನು ಚಿಕಿತ್ಸೆ ಎಂದು ಮಾರುವಂತಿಲ್ಲ. ನಿಜವಾದ ಪ್ರಯೋಗವಾದರೆ ದೇಶದ ಚಿಕಿತ್ಸಾ ಪ್ರಯೋಗಗಳ ಸರ್ಕಾರಿ ದಾಖಲೆಪಟ್ಟಿಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆ ಇರಬೇಕು, ನೈತಿಕ ಸಮಿತಿಯ ಒಪ್ಪಿಗೆ ಇರಬೇಕು. ಆ ಪ್ರಯೋಗದ ಚಿಕಿತ್ಸೆಗೆ ರೋಗಿಯಿಂದ ಹಣ ಕೇಳಬಾರದು. ಪ್ರಯೋಗದಿಂದ ಹಾನಿಯಾದರೆ ಔಷಧ ಪ್ರಯೋಗಗಳ ಕುರಿತ 2019ರ ನಿಯಮದಂತೆ ಪರಿಹಾರ ಸಿಗಬೇಕು. ಏಳು ವರ್ಷ ದಾಟಿದ ಮಗುವಿಗೆ ತಿಳಿಯುವಂತೆ ಹೇಳಿ ಅದರ ಸಮ್ಮತಿಯನ್ನೂ ಪಡೆಯಬೇಕು. ತಂದೆಗೆ ನಾನು ಹೇಳಿದ್ದು ಇಷ್ಟು: "ಆ ನಂಬರ್ ಒಂದನ್ನು ಕೇಳಿ ನೋಡಿ. ಕೊಟ್ಟರೆ ನಮ್ಮ ಡಾಕ್ಟರ ಹತ್ತಿರ ಕೂತು ಓದೋಣ. ಅಲ್ಲಿವರೆಗೆ ಹೊಲದ ಮಾತು ಬೇಡ." ಅವರು ನನ್ನೆದುರೇ ಫೋನ್ ಮಾಡಿದರು. ನಂಬರ್ ಸಿಗಲಿಲ್ಲ. ಮುಂಗಡ ಎಷ್ಟು ತರುತ್ತೀರಿ ಎಂಬ ಪ್ರಶ್ನೆ ಬಂತು. ಅವರು ಫೋನ್ ಇಟ್ಟು ಬಹಳ ಹೊತ್ತು ಮಾತಾಡಲಿಲ್ಲ.

ಮಾರನೇ ದಿನ ಅವರೊಬ್ಬರನ್ನೇ ಕರೆದು ಕೂರಿಸಿದೆ. ಒಂಬತ್ತು ವರ್ಷ ಎಲ್ಲವನ್ನೂ ಹೆಂಡತಿಯೇ ಮಾಡಿದ್ದಾಳೆ, ತಾನು ಅಪ್ಪನಾಗಿ ಏನೂ ಮಾಡಲಿಲ್ಲ ಎಂಬ ಸಂಕಟ ಅವರದು. ಹೊಲ ಮಾರುವುದು ಆ ಸಂಕಟಕ್ಕೆ ಕಂಡ ದಾರಿಯಾಗಿತ್ತು. ಅವರಿಗೆ ಎರಡು ಕೆಲಸ ಒಪ್ಪಿಸಿದೆ. ಕ್ಯಾಥೆಟರ್ ತೊಳೆದು ಒಣಗಿಸಿಡುವುದು, ಮತ್ತು ಹೆಡ್‌ಮಾಸ್ತರರ ಹತ್ತಿರ ಹೋಗಿ ಚಿಲಕವಿರುವ ಒಂದು ಶೌಚಾಲಯ ಕೇಳುವುದು. ಆಸ್ಪತ್ರೆಯಿಂದ ಶಾಲೆಗೆ ಪತ್ರ ನಾನು ಬರೆದುಕೊಟ್ಟೆ.

ಪುಟ್ಟಿಯನ್ನು ಅಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ. ಏನು ಬೇಕು ಎಂದೆ. ಹೊಸ ಮೂತ್ರಕೋಶದ ಮಾತೇ ಬರಲಿಲ್ಲ. "ಅವ್ವ ಸಾಲಿಗೆ ಬರಬಾರ್ದು. ಮತ್ತ ಬಾದಾಮಿ ಟ್ರಿಪ್ಪಿಗೆ ಹೋಗಬೇಕು."

ಅಲ್ಲಿಂದ ಮುಂದೆ ದಾರಿ ಸುಲಭವಾಯಿತು. ಪುಟ್ಟಿ ತಾನೇ ಪೈಪು ಹಾಕಿಕೊಳ್ಳಲು ಕಲಿಯಬೇಕು, ಅಷ್ಟೆ. 1972ರಲ್ಲಿ ಮಿಶಿಗನ್ನಿನ ಡಾ. ಜ್ಯಾಕ್ ಲ್ಯಾಪಿಡೀಸ್ ತೋರಿಸಿಕೊಟ್ಟ ವಿಧಾನ ಇದು. ಆಪರೇಷನ್ ಥಿಯೇಟರಿನ ಮಡಿ ಬೇಡ, ಸೋಪಿನಲ್ಲಿ ತೊಳೆದ ಕೈ ಸಾಕು, ಹೊತ್ತಿಗೆ ಸರಿಯಾಗಿ ಖಾಲಿಯಾಗಬೇಕು. ಇಷ್ಟು ಸರಳವಾದ್ದರಿಂದಲೇ ಮಕ್ಕಳು ತಾವೇ ಕಲಿಯಬಹುದು. ಸಿಸ್ಟರ್ ಒಂದು ಸಣ್ಣ ಕನ್ನಡಿ ಹಿಡಿದರು. ಮೊದಲ ದಿನ ಪುಟ್ಟಿಯ ಕೈ ನಡುಗಿತು, ಎರಡು ಸಲ ತಪ್ಪು ಜಾಗಕ್ಕೆ ಹೋಯಿತು. ನಾಲ್ಕನೇ ದಿನ ಮೂತ್ರ ಸರ್ರನೆ ಅಳತೆ ಮಗ್ಗಿಗೆ ಬಿದ್ದಾಗ ಅವಳು ಮಗ್ಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಗೀಟು ಓದಿದಳು. ತಾಯಿ ಬಾಗಿಲ ಹೊರಗೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬಿಡುಗಡೆಯ ದಿನ ತಾಯಿ ತಗ್ಗಿದ ದನಿಯಲ್ಲಿ ಇನ್ನೊಂದು ಮಗುವಿನ ಮಾತೆತ್ತಿದರು. ಇಂಥ ತಾಯಂದಿರು ಗರ್ಭ ನಿಲ್ಲುವ ಮೊದಲೇ ಹೆಚ್ಚಿನ ಪ್ರಮಾಣದ ಫೋಲಿಕ್ ಆಸಿಡ್ ಶುರು ಮಾಡಬೇಕು. ಗರ್ಭ ನಿಂತು ಒಂದು ತಿಂಗಳಾದ ಮೇಲೆ ನುಂಗಿದರೆ ತಡವಾಗಿರುತ್ತದೆ, ಏಕೆಂದರೆ ಬೆನ್ನುಹುರಿಯ ಕೊಳವೆ ಮುಚ್ಚುವುದು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ. 1991ರ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 4 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಈ ದೋಷ ಮರುಕಳಿಸುವುದು 72 ಪ್ರತಿಶತ ಕಡಿಮೆಯಾಗಿತ್ತು. ಹೆರಿಗೆ ತಜ್ಞರ ಹತ್ತಿರ ಅವತ್ತೇ ಕಳಿಸಿದೆ. ಕೆಲವು ರೂಪಾಯಿಯ ಈ ಗುಳಿಗೆಯ ವಿಷಯವನ್ನು ಒಂಬತ್ತು ವರ್ಷದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ಈಗಲೂ ನೋವಾಗುವುದು ಅದಕ್ಕೆ.

ಮೂರು ತಿಂಗಳಿಗೆ ತಪಾಸಣೆಗೆ ಬಂದರು. ಸ್ಕ್ಯಾನಿಂಗ್‌ನಲ್ಲಿ ಕಿಡ್ನಿಗಳು ಚೆನ್ನಾಗಿದ್ದವು. ತಂದೆ ಸಿಟಿಆರ್‌ಐ ಜಾಲತಾಣ ಹುಡುಕುವುದು ಹೇಗೆಂದು ಕೇಳಿದರು, ಅವರ ಮೊಬೈಲಿನಲ್ಲೇ ತೋರಿಸಿಕೊಟ್ಟೆ. ಪುಟ್ಟಿ ನನ್ನ ಮೇಜಿನ ಮೇಲೆ ನೋಟ್‌ಬುಕ್ ಬಿಚ್ಚಿಟ್ಟಳು. ತಾಯಿಯ ಪೆನ್ಸಿಲ್ ಗೀಟುಗಳ ಕೆಳಗೆ ನೀಲಿ ಪೆನ್ನಿನ ದುಂಡನೆಯ ಅಕ್ಷರ: "ಬಾದಾಮಿ, 12.10, 240 ಎಂಎಲ್. ನಾನೇ."