ಭಾಗಿಸಬೇಕಾದ್ದು 746ರಿಂದ ಅಲ್ಲ

ನಮಸ್ಕಾರ. ನಿಮ್ಮ 1 ಎಚ್‌ಪಿ ಪಂಪ್ 5 ನಿಮಿಷದಲ್ಲಿ 1000 ಲೀಟರ್ ನೀರನ್ನು 15 ಮೀಟರ್ ಮೇಲಕ್ಕೆತ್ತುತ್ತದೆ, ದಕ್ಷತೆ 66% ಬಂತು, ಇದು ಸರೀನಾ ಅಂತ ಕೇಳಿದ್ದೀರಿ. ಅರ್ಧ ಸರಿಯಿದೆ.

ನೀರಿಗೆ ಸಿಕ್ಕ ಶಕ್ತಿ 1000 ಕೆಜಿ × 9.8 (ಗುರುತ್ವ) × 15 ಮೀಟರ್, ಅಂದರೆ 1,47,000 ಜೌಲ್. 300 ಸೆಕೆಂಡಿನಿಂದ ಭಾಗಿಸಿದರೆ 490 ವ್ಯಾಟ್. ಇಲ್ಲಿಯವರೆಗೆ ತಪ್ಪಿಲ್ಲ. ಆಮೇಲೆ 1 ಎಚ್‌ಪಿ ಅಂದರೆ 746 ವ್ಯಾಟ್ ಅಂತ ಅದನ್ನು 746ರಿಂದ ಭಾಗಿಸಿದ್ದೀರಿ, ಎಡವಿದ್ದು ಅಲ್ಲೇ. ಮೋಟಾರಿನ ಮೇಲೆ ಬರೆದಿರುವ ಎಚ್‌ಪಿ ಅದು ಎಳೆದುಕೊಳ್ಳುವ ವಿದ್ಯುತ್ ಅಲ್ಲ. ಪೂರ್ತಿ ಹೊರೆಯಲ್ಲಿ ಅದರ ಶಾಫ್ಟು (ತಿರುಗುವ ದಂಡ) ಹೊರಗೆ ಕೊಡಬಲ್ಲ ಪವರ್‌ನ ಲೆಕ್ಕ ಅದು. ಈ ಗೊಂದಲ ತುಂಬಾ ಜನರಿಗೆ ಆಗುತ್ತದೆ.

ನಿಮಗೆ ಬೇಕಾದ್ದು ಒಳಗೆ ಹೋದ ವಿದ್ಯುತ್. ಬೇರೆಲ್ಲ ಆರಿಸಿ, ಪಂಪ್ ಒಂದನ್ನೇ ಓಡಿಸಿ ಮೀಟರ್ ನೋಡಿ. 1 ಯೂನಿಟ್ ಅಂದರೆ 36 ಲಕ್ಷ ಜೌಲ್. ಐದು ನಿಮಿಷ ಸಾಲದು, ಒಂದು ಗಂಟೆ ಓಡಿಸಿದರೆ ಅಂಕಿ ನಂಬಬಹುದು. ಗಂಟೆಗೆ 1.1 ಯೂನಿಟ್ ಬಂತು ಅಂದುಕೊಳ್ಳಿ. ಆಗ ಒಳಗೆ ಹೋಗಿದ್ದು 1100 ವ್ಯಾಟ್, ದಕ್ಷತೆ ಸುಮಾರು 45%. ಕಡಿಮೆ ಅನಿಸಿತಾ? ಮೋಟಾರ್ 75%, ಪಂಪ್ 60% ಇದ್ದರೂ ಎರಡನ್ನೂ ಗುಣಿಸಿದರೆ ಉಳಿಯುವುದು 45% ಮಾತ್ರ ಅಲ್ವಾ?

ಸುಮ್ನೆ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಬೇಡಿ. ಎಸಿ ಮೋಟಾರಿನಲ್ಲಿ ಪವರ್ ಫ್ಯಾಕ್ಟರ್ (ಆ ಗುಣಲಬ್ಧದಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅನ್ನೋದು) ಸೇರಿಸದಿದ್ದರೆ ವ್ಯಾಟ್ ಜಾಸ್ತಿ ಬರುತ್ತದೆ.

ಇನ್ನೊಂದು, ಆ 15 ಮೀಟರನ್ನು ಎಲ್ಲಿಂದ ಅಳೆದಿರಿ? ಪಂಪಿನಿಂದಲ್ಲ, ಕೆಳಗಿನ ನೀರಿನ ಮಟ್ಟದಿಂದ ಅಳೆಯಬೇಕು.