ಆಪ್ತಸಲಹೆ ಪ್ರಕರಣ: ಹೆಸರು ಹಾಕಿಸಿದ ಲೋಟ

ಡಿಸೆಂಬರ್ ತಿಂಗಳ ಒಂದು ಸೋಮವಾರ ಗಂಗಾವತಿ ಕಡೆಯ ಭತ್ತದ ಸೀಮೆಯಿಂದ ಒಬ್ಬ ದಂಪತಿ ಕೊಪ್ಪಳದಲ್ಲಿರುವ ನನ್ನ ಸಲಹಾ ಕೊಠಡಿಗೆ ಬಂದರು. ಗಂಡನಿಗೆ 42 ವರ್ಷ, ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು, ಹೆಂಡತಿಗೆ 36. ಮಾತು ಆರಂಭಿಸಿದವರು ಗಂಡ. ಹನ್ನೊಂದು ವರ್ಷದ ಮಗಳು ಡೆಂಗಿ ಜ್ವರದಿಂದ ತೀರಿಕೊಂಡು ಹದಿಮೂರು ತಿಂಗಳಾಗಿತ್ತು. ಹೆಂಡತಿ ಇಂದಿಗೂ ದಿನವೂ ಸಂಜೆ ಮಗಳ ಹೆಸರು ಹಾಕಿಸಿದ ಸ್ಟೀಲಿನ ಲೋಟಕ್ಕೆ ಹಾಲು ಹಾಕಿ ದೇವರ ಜಗಲಿಯ ಪಕ್ಕದಲ್ಲಿ ಇಡುತ್ತಾರೆಂದೂ, ಈಗ ಕೊಪ್ಪಳದ ಗವಿಮಠದ ಜಾತ್ರೆಗೆ ಮಗಳ ಹೆಸರಿನಲ್ಲಿ ರೊಟ್ಟಿ ಮಾಡಿ ಕಳಿಸುತ್ತೇನೆಂದು ಹಟ ಹಿಡಿದಿದ್ದಾರೆಂದೂ ಅವರು ಹೇಳಿದರು. “ಮೇಡಂರೀ, ಇಕೀಗೆ ಏನರ ಔಷಧ ಕೊಡ್ರಿ. ಮರೀವಲ್ಲಳು” ಎಂದರು.

ಆ ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಮಗುವಿನ ಹೆಸರನ್ನು ಇಲ್ಲಿ ಬರೆಯಲಾರೆ. ಆದರೆ ನಮ್ಮ ಭೇಟಿಗಳಲ್ಲಿ ಆ ಹೆಸರನ್ನು ನಾವು ಮತ್ತೆ ಮತ್ತೆ ಉಚ್ಚರಿಸಿದೆವು.

ಮಗು ಹೇಗೆ ತೀರಿಕೊಂಡಿತು ಎಂದು ನಾನು ಮೊದಲು ಕೇಳುವುದಿಲ್ಲ. ಆ ಕಥೆಯನ್ನು ತಂದೆತಾಯಿಗಳು ಪೊಲೀಸರಿಗೆ, ವೈದ್ಯರಿಗೆ, ಮಾತಾಡಿಸಲು ಬಂದ ಬಂಧುಗಳಿಗೆ ಹೇಳಿ ಹೇಳಿ ಬಳಲಿರುತ್ತಾರೆ. ಮಗು ಹೇಗಿತ್ತು ಎಂದು ಕೇಳುತ್ತೇನೆ. ಅಲ್ಲಿಯವರೆಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದ ತಾಯಿ ತಲೆಯೆತ್ತಿ ನೋಡಿದ್ದು ಆ ಪ್ರಶ್ನೆಗೆ. ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳವರು ಮನೆಮನೆಯಲ್ಲಿ ಜೋಳದ ಖಡಕ್ ರೊಟ್ಟಿ ಮಾಡಿ, ಟ್ರ್ಯಾಕ್ಟರ್‌ಗಳಲ್ಲಿ ತುಂಬಿ ಕಳಿಸುವುದು ಈ ಭಾಗದವರಿಗೆಲ್ಲ ಗೊತ್ತಿರುವ ಸಂಗತಿ. ಮಗಳು ಆರನೇ ವರ್ಷದಿಂದಲೂ ಆ ದಿನ ತಾಯಿಯ ಪಕ್ಕದಲ್ಲಿ ಕುಳಿತು ಅಂಗೈಯಗಲದ ರೊಟ್ಟಿ ಬಡಿಯುತ್ತಿದ್ದಳಂತೆ. ಅಂಚು ಒಡೆದ ರೊಟ್ಟಿಯನ್ನು ತೆಗೆದಿಡಲು ಹೋದರೆ, ಅಜ್ಜಾರು (ಮಠದ ಸ್ವಾಮೀಜಿ) ಒಡೆದ ರೊಟ್ಟಿಯನ್ನೂ ತಿನ್ನುತ್ತಾರೆ ಎಂದು ಜಗಳ ತೆಗೆದು ಗಂಟಿಗೆ ಸೇರಿಸುತ್ತಿದ್ದಳಂತೆ. ಇದನ್ನು ಹೇಳುವಾಗ ಆ ತಾಯಿ ನಕ್ಕರು, ಆಮೇಲೆ ಅತ್ತರು, ಅಳುತ್ತಲೇ ಮತ್ತೊಂದು ಸಂಗತಿ ನೆನೆದು ನಕ್ಕರು. ಲೋಟದ ಹಾಲನ್ನು ಅವರು ಚೆಲ್ಲುವುದಿಲ್ಲ. ಮಲಗುವ ಮುನ್ನ ಎಂಟು ವರ್ಷದ ಮಗ ಅದನ್ನು ಕುಡಿಯುತ್ತಾನೆ. ಮಗಳು ಸತ್ತಿದ್ದಾಳೆ, ಹಾಲು ಕುಡಿಯಲು ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ. ಅಡುಗೆ, ಹೊಲದ ಕೆಲಸ, ಮಹಿಳಾ ಸಂಘದ ಸಭೆ ಎಲ್ಲವನ್ನೂ ನಡೆಸಿಕೊಂಡು ಹೋಗುತ್ತಿದ್ದಾರೆ. ಶಾಲೆ ಬಿಟ್ಟು ಮಕ್ಕಳು ಓಣಿಯಲ್ಲಿ ಬರುವ ಹೊತ್ತಿಗೆ ಎದೆ ಒಡೆದಂತಾಗುತ್ತದೆ. ಆ ಹೊತ್ತಿಗೇ ಅವರು ಹಾಲು ಕಾಸುವುದು.

ಇದು ಕಾಯಿಲೆಯೇ? ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಆವೃತ್ತಿಯಲ್ಲಿ ದೀರ್ಘಕಾಲದ ಶೋಕವನ್ನು ಒಂದು ತೊಂದರೆಯಾಗಿ ಸೇರಿಸಿರುವುದು ನಿಜ. ಆದರೆ ಹಾಗೆ ಕರೆಯಲು ಆರು ತಿಂಗಳು ಕಳೆದಿರುವುದಷ್ಟೇ ಸಾಲದು. ಆ ಶೋಕವು ಅವರ ಸಮಾಜ, ಸಂಸ್ಕೃತಿ, ಧರ್ಮಗಳಲ್ಲಿ ರೂಢಿಯಾಗಿರುವುದನ್ನು ಸ್ಪಷ್ಟವಾಗಿ ಮೀರಿರಬೇಕು ಮತ್ತು ದಿನನಿತ್ಯದ ಬದುಕನ್ನು ಕೆಡಿಸಿರಬೇಕು. ಹಿರಿಯರಿಗೆ ಎಡೆ ಇಡುವ, ತೀರಿಹೋದವರ ಹೆಸರಿನಲ್ಲಿ ಅನ್ನದಾನ ಮಾಡುವ ನಮ್ಮ ಸೀಮೆಯಲ್ಲಿ ಒಂದು ಲೋಟ ಹಾಲು ಯಾವ ರೂಢಿಯನ್ನು ಮೀರುತ್ತದೆ? ಶೋಕವೆಂದರೆ ಹೋದವರಿಂದ ಮನಸ್ಸನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿಕೊಳ್ಳುವ ಕೆಲಸ ಎಂದು 1917ರಲ್ಲಿ ಬರೆದ, ಮನೋವಿಶ್ಲೇಷಣೆಯ ಪ್ರವರ್ತಕ ಸಿಗ್ಮಂಡ್ ಫ್ರಾಯ್ಡ್, 1920ರಲ್ಲಿ ತಮ್ಮ ಮಗಳು ಸೋಫಿಯನ್ನು ಕಳೆದುಕೊಂಡರು. ಆಕೆ ಬದುಕಿದ್ದರೆ 36 ತುಂಬುತ್ತಿದ್ದ ದಿನ, 1929ರಲ್ಲಿ, ಮಗನನ್ನು ಕಳೆದುಕೊಂಡ ಗೆಳೆಯನಿಗೆ ಪತ್ರ ಬರೆದು, ಆ ಜಾಗವನ್ನು ಯಾವುದೂ ತುಂಬುವುದಿಲ್ಲ, ಹಾಗಿರುವುದೇ ಸರಿ ಎಂಬ ಅರ್ಥದ ಮಾತು ಹೇಳಿದರು. ನಮ್ಮ ಹಿರಿಯರು ಪುತ್ರಶೋಕಂ ನಿರಂತರಂ ಎಂದದ್ದೂ ಇದನ್ನೇ. ಆ ಮಾತು ಗೊತ್ತಿದ್ದೂ ಒಂದು ವರ್ಷ ದಾಟುತ್ತಲೇ “ಇನ್ನ ಸಾಕು ಬಿಡವ್ವಾ” ಎನ್ನುವುದು ಏಕೆಂದು ನನಗೆ ಅರ್ಥವಾಗುವುದಿಲ್ಲ.

ಆ ದಿನ ನಾನು ತಂದೆಗೂ, ಮಗಳು ಹೇಗಿದ್ದಳು ಎಂಬ ಅದೇ ಪ್ರಶ್ನೆ ಕೇಳಿದೆ. ಅವರು ಕಿಟಕಿಯ ಸರಳುಗಳನ್ನು ನೋಡುತ್ತ ಬಹಳ ಹೊತ್ತು ಕುಳಿತು, “ನನಗ ಏನೂ ನೆನಪ ಬರೂದಿಲ್ರಿ” ಎಂದರು. ಔಷಧ ಬೇಕಾದವರು ಯಾರು ಎಂಬ ಸಂಶಯ ನನಗೆ ಹುಟ್ಟಿದ್ದು ಆಗ. ಮೂರು ದಿನ ಬಿಟ್ಟು ಒಬ್ಬರೇ ಬರಲು ಹೇಳಿದೆ.

ಒಬ್ಬರೇ ಬಂದಾಗ ಮಾತು ನಿಧಾನವಾಗಿ ಹೊರಬಂತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ವರ್ಷದಲ್ಲಿ ಏಳು ಕಿಲೋ ಇಳಿದಿದ್ದಾರೆ. ಗಿರಣಿಗೆ ಹೋಗುವ ದಾರಿಯಲ್ಲಿ ಮಗಳ ಶಾಲೆ ಸಿಗುತ್ತದೆಂದು ಕಾಲುವೆ ಏರಿಯ ಮೇಲೆ ಮೂರು ಕಿಲೋಮೀಟರ್ ಸುತ್ತಿ ಹೋಗುತ್ತಾರೆ. ಮಗಳು ರವಿವಾರ ಗಿರಣಿಗೆ ಬಂದು, ಭತ್ತದ ರಾಶಿಯಲ್ಲಿ ಮೊಣಕೈವರೆಗೆ ಕೈ ಹೂತು, ಇದು ಹಸಿ ಇದೆ, ಇದು ಒಣಗಿದೆ ಎಂದು ಹೇಳುವುದು ಒಂದು ಆಟವಾಗಿತ್ತು; ಅವಳು ತೀರಿಕೊಂಡಂದಿನಿಂದ ಅವರು ಭತ್ತಕ್ಕೆ ಕೈ ಹಾಕಿಲ್ಲ, ಮಾದರಿ ನೋಡುವ ಕೆಲಸವನ್ನು ಬೇರೆಯವರಿಗೆ ಬಿಟ್ಟಿದ್ದಾರೆ. ಅವಳ ಸೈಕಲ್ಲನ್ನು ಗಿರಣಿಯ ಗೋದಾಮಿನಲ್ಲಿ ಚೀಲಗಳ ಹಿಂದೆ ಇಟ್ಟು ಬಂದಿದ್ದಾರೆ. ಏನೂ ನೆನಪಾಗುವುದಿಲ್ಲ ಎಂದಿದ್ದ ಮನುಷ್ಯ ಇಡೀ ದಿನ ನೆನಪಿನಿಂದ ತಪ್ಪಿಸಿಕೊಂಡು ಓಡುವುದರಲ್ಲೇ ಕಳೆಯುತ್ತಿದ್ದರು.

ಕಾಲುವೆಯ ಏರಿ ಎಂದಾಗ ನಾನು ನೇರವಾಗಿಯೇ ಕೇಳಿದೆ: ಅಲ್ಲಿ ನಿಂತಾಗ ಜೀವ ಕಳೆದುಕೊಳ್ಳುವ ಯೋಚನೆ ಬಂದಿದೆಯೇ? ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಹಾಕಿದಂತಾಗುತ್ತದೆ ಎಂದು ಹಲವರು ಹೆದರುತ್ತಾರೆ. ಅದು ತಪ್ಪು, ಕೇಳಿದಾಗ ಹೆಚ್ಚಿನವರಿಗೆ ಭಾರ ಇಳಿದಂತಾಗುತ್ತದೆ. ಎರಡು ಸಲ ಬಂದಿತ್ತು ಎಂದರು. ಮನೆಯಲ್ಲಿ ಭತ್ತಕ್ಕೆ ಹೊಡೆಯುವ ಕೀಟನಾಶಕ ಇರುವುದೂ ತಿಳಿಯಿತು. ಈ ಸೀಮೆಯಲ್ಲಿ ಕೆಲಸ ಮಾಡುವ ಯಾವ ಸಲಹೆಗಾರರೂ ಈ ಪ್ರಶ್ನೆಯನ್ನು ಬಿಡಬಾರದು. ಅವರ ಒಪ್ಪಿಗೆಯ ಮೇರೆಗೆ ಅಂದೇ ತಮ್ಮನಿಗೆ ಫೋನ್ ಮಾಡಿಸಿ ಡಬ್ಬಿಗಳನ್ನು ಮನೆಯಿಂದ ಹೊರಗೆ ಸಾಗಿಸಿದೆವು. ಏರಿಯ ದಾರಿಯಲ್ಲಿ ಒಬ್ಬರೇ ಹೋಗದಂತೆ, ಗಿರಣಿಯ ಗೆಳೆಯರೊಬ್ಬರೊಂದಿಗೆ ಒಂದೇ ಗಾಡಿಯಲ್ಲಿ ಹೋಗುವ ವ್ಯವಸ್ಥೆಯಾಯಿತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದೆವು. ಅವರು ಕೊಟ್ಟ ಔಷಧವೂ, ನಮ್ಮ ಮಾತುಕತೆಯೂ ಜೊತೆಜೊತೆಯಾಗಿ ನಡೆದವು. ರಾತ್ರಿ ಮೂರರ ಹೊತ್ತಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಉಳಿಸಿಕೊಟ್ಟೆ. ಅದು ಹಗಲೂ ರಾತ್ರಿಯೂ ಇರುವ ಉಚಿತ ಸೇವೆ, ಕನ್ನಡದಲ್ಲಿಯೇ ಮಾತನಾಡಬಹುದು.

ಅವರನ್ನು ಒಳಗೊಳಗೇ ತಿನ್ನುತ್ತಿದ್ದದ್ದು ನಾಲ್ಕನೆಯ ದಿನ. ಮಗಳಿಗೆ ಮೂರು ದಿನ ಜ್ವರ ಸುಡುತ್ತಿತ್ತು; ನಾಲ್ಕನೆಯ ದಿನ ಬೆಳಿಗ್ಗೆ ಮೈ ತಣ್ಣಗಾಗಿತ್ತು. ಕೊಯ್ಲಿನ ಕಾಲ, ಗಿರಣಿಯಲ್ಲಿ ಲಾರಿಗಳು ಸಾಲು ನಿಂತಿದ್ದವು. ಜ್ವರ ಇಳಿಯಿತೆಂದು ಕೆಲಸಕ್ಕೆ ಹೋದರು. ಸಂಜೆ ಬಂದಾಗ ಹೊಟ್ಟೆನೋವೆಂದು ಮುದುಡಿ ಮಲಗಿದ್ದಳು, ಕೈಕಾಲು ತಣ್ಣಗಿದ್ದವು. ಮರುದಿನ ದೊಡ್ಡ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. “ನಾನs ಬಿಟ್ಟ ಹೋದೆ” ಎಂಬುದೊಂದೇ ಮಾತು. ನಿಮ್ಮ ತಪ್ಪಿಲ್ಲ ಎಂದು ಊರೆಲ್ಲ ಹೇಳಿದೆ, ಆ ಮಾತು ಅವರಿಗೆ ತಾಗಿಲ್ಲ. ಹಾಗಾಗಿ ನಾನು ಅದನ್ನು ಹೇಳಲಿಲ್ಲ; ಪರಿಚಯದ ಮಕ್ಕಳ ವೈದ್ಯರೊಬ್ಬರನ್ನು ಕೇಳಿಕೊಂಡು ಅರ್ಧ ಗಂಟೆ ಅವರೊಂದಿಗೆ ಕೂರಿಸಿದೆ. ಡೆಂಗಿಯಲ್ಲಿ ಅಪಾಯದ ಘಟ್ಟ ಆರಂಭವಾಗುವುದು ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೇ, ರಕ್ತನಾಳಗಳಿಂದ ದ್ರವ ಸೋರಿ ಒಂದೆರಡು ದಿನಗಳಲ್ಲಿ ಸ್ಥಿತಿ ಕೆಡಬಹುದು. ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಅದರ ಸೂಚನೆಗಳು ಎಂದು ವೈದ್ಯರು ಚಿತ್ರ ಬರೆದು ವಿವರಿಸಿದರು. ಇಳಿದ ಜ್ವರವನ್ನು ಯಾವ ತಂದೆಯೂ ಗುಣವೆಂದೇ ತಿಳಿಯುತ್ತಾನೆ. ಅವರು ಆ ಕಾಗದವನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ತಪ್ಪಿನ ಭಾರ ಪೂರ್ತಿ ಹೋಯಿತೆಂದು ನಾನು ಹೇಳುವುದಿಲ್ಲ; ಆದರೆ ಮಗಳು ಹೇಗಿದ್ದಳೆಂದು ಅವರು ಹೇಳಿದ ಮೊದಲ ಮಾತು ಕೇಳಿದ್ದು ಅದರ ನಂತರವೇ: “ಭಾಳ ಶಾಣ್ಯಾಕಿ ಇದ್ದಳ್ರಿ.”

ನೆದರ್‌ಲ್ಯಾಂಡ್ಸ್‌ನ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ವಿಚಾರವೊಂದನ್ನು ಆಮೇಲೆ ದಂಪತಿಯಿಬ್ಬರಿಗೂ ನಮ್ಮ ಮಾತಿನಲ್ಲಿ ಹೇಳಿದೆ. ಶೋಕದಲ್ಲಿರುವವರು ಒಮ್ಮೆ ಅಗಲಿಕೆಯ ಕಡೆಗೆ, ಒಮ್ಮೆ ಮುಂದಿನ ಬದುಕಿನ ಕಡೆಗೆ ಜೋಕಾಲಿಯಂತೆ ತೂಗುತ್ತಿರುತ್ತಾರೆ. ಎರಡೂ ಬೇಕು, ಒಂದೇ ಕಡೆ ನಿಂತರೆ ಕಷ್ಟ. ಹಾಲು ಕಾಸುವ ತಾಯಿ ತೂಗುತ್ತಿದ್ದರು. ಲಾರಿ ಎಣಿಸುವ ತಂದೆಯ ಜೋಕಾಲಿ ಒಂದೇ ಕಡೆ ನಿಂತುಬಿಟ್ಟಿತ್ತು. ಈತನಿಗೆ ಮಗಳ ಮೇಲೆ ಅಕ್ಕರೆಯೇ ಇರಲಿಲ್ಲವೇನೋ ಎಂದು ವರ್ಷವಿಡೀ ಅಂದುಕೊಂಡಿದ್ದ ಹೆಂಡತಿ, ಭತ್ತದ ರಾಶಿಯ ಕಥೆಯನ್ನು ಮೊದಲ ಬಾರಿಗೆ ಗಂಡನ ಬಾಯಿಂದ ಕೇಳಿದ್ದು ನನ್ನ ಕೊಠಡಿಯಲ್ಲಿ.

ನಾನು ಕೊಟ್ಟ ಸಲಹೆಗಳು ಹೆಚ್ಚೇನಲ್ಲ. ಹಾಲಿನ ಲೋಟ ಇದ್ದಲ್ಲೇ ಇರಲಿ; ಅದನ್ನು ಬಿಡಿಸಲು ಯಾರೂ ಪ್ರಯತ್ನಿಸಬಾರದು, ಬಿಡಬೇಕೆನಿಸಿದ ದಿನ ಆ ತಾಯಿಯೇ ಬಿಡಲಿ. ವಾರಕ್ಕೊಮ್ಮೆ ಊಟದ ನಂತರ ಕಾಲು ಗಂಟೆ ಇಬ್ಬರೂ ಕುಳಿತು ಮಗಳ ಸಾವಿನದಲ್ಲ, ಬದುಕಿನ ಒಂದು ಸಂಗತಿಯನ್ನು ಹೆಸರು ಹಿಡಿದು ಹೇಳಬೇಕು. ಗಂಡನಿಗೆ ಮಾತು ಬಾರದ ವಾರ ಸುಮ್ಮನೆ ಕೇಳಿದರೂ ಆದೀತು. ಮದುವೆ ಮುಂಜಿಗಳಲ್ಲಿ ಮಕ್ಕಳೆಷ್ಟು ಎಂದು ಕೇಳಿದವರಿಗೆ ಒಬ್ಬನೇ ಎಂದು ಹೇಳಿ, ಮನೆಗೆ ಬಂದು ಮಗಳಿಗೆ ದ್ರೋಹ ಮಾಡಿದೆನೆಂದು ತಾಯಿ ಅಳುತ್ತಿದ್ದರು. ಇಬ್ಬರು, ದೊಡ್ಡಾಕಿ ತೀರಿಕೊಂಡಿದ್ದಾಳೆ ಎಂದು ಹೇಳಬಹುದು. ಹೇಳಲು ಮನಸ್ಸಿಲ್ಲದ ಕಡೆ ಒಬ್ಬ ಎಂದರೂ ಅದು ದ್ರೋಹವಲ್ಲ. ಎರಡು ಉತ್ತರಗಳನ್ನೂ ಅವರು ನನ್ನೆದುರು ಜೋರಾಗಿ ಹೇಳಿ ರೂಢಿ ಮಾಡಿಕೊಂಡರು.

ಮಗನ ಬಗ್ಗೆ ನನಗೆ ಹೆಚ್ಚು ಕಾಳಜಿಯಿತ್ತು. ಅಕ್ಕ ದೇವರ ಮನೆಯಲ್ಲಿ ಮಲಗಿದ್ದಾಳೆ ಎಂದು ಅವನಿಗೆ ಹೇಳಿದ್ದರು. ಅಂದಿನಿಂದ ಹುಡುಗ ಮಲಗಲು ಹೆದರುತ್ತಿದ್ದ. ಅಕ್ಕ ಸತ್ತಿದ್ದಾಳೆ, ಡೆಂಗಿ ಬಂದಿತ್ತು, ಬರುವ ಎಲ್ಲ ಜ್ವರವೂ ಅಂಥದ್ದಲ್ಲ, ನೀನು ಏನೋ ಮಾಡಿದ್ದರಿಂದ ಹೀಗಾಗಲಿಲ್ಲ ಎಂದು ತಂದೆಯೇ ತೊಡೆಯ ಮೇಲೆ ಕೂರಿಸಿಕೊಂಡು ಹೇಳಬೇಕೆಂದು ಸೂಚಿಸಿದೆ. ಅಕ್ಕನಂತೆ ಜಾಣನಾಗು ಎಂಬ ಮಾತು ಮಾತ್ರ ಮನೆಯಲ್ಲಿ ಬೇಡ. ಅಕ್ಕನ ಲೋಟದ ಹಾಲು ಕುಡಿಯುವುದು ಇಷ್ಟವೇ ಎಂದು ನಾನೇ ಕೇಳಿದೆ. ಇಷ್ಟ, ಆದರೆ ಕೆಲವು ದಿನ ತನ್ನ ಲೋಟದಲ್ಲಿ ಬೇಕು ಎಂದ. ತಾಯಿ ಮರುಮಾತಿಲ್ಲದೆ ಒಪ್ಪಿದರು. ಅತ್ತರೆ ಹೋದವರಿಗೆ ದಾರಿ ಸಿಗುವುದಿಲ್ಲ ಎಂದು ಸೊಸೆಯನ್ನು ಗದರುತ್ತಿದ್ದ ಅಜ್ಜಿಯನ್ನೂ ಒಮ್ಮೆ ಕರೆಸಿದೆ. ಅವರ ನಂಬಿಕೆಯನ್ನು ನಾನು ಅಲ್ಲಗಳೆಯಲಿಲ್ಲ, ಮೊಮ್ಮಗಳ ಜಡೆ ಯಾರು ಹಾಕುತ್ತಿದ್ದರು ಎಂದು ಕೇಳಿದೆ. “ನಾನs ಹಾಕ್ತಿದ್ನೆವ್ವಾ” ಎಂದು ಆ ಹಿರಿಯ ಜೀವ ಅತ್ತಾಗ ಸೊಸೆ ಎದ್ದು ಹೋಗಿ ಕೈ ಹಿಡಿದರು.

ಜನವರಿಯಲ್ಲಿ ಜಾತ್ರೆ ಬಂತು. ರೊಟ್ಟಿ ಮಾಡಬೇಕೋ ಬೇಡವೋ ಎಂಬ ಪ್ರಶ್ನೆ ಅಷ್ಟರಲ್ಲಿ ಉಳಿದಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಬಡಿದರು. ಕೊನೆಗೆ ಅಂಗೈಯಗಲದವು ಹನ್ನೊಂದು. ಗಂಟನ್ನು ಟ್ರ್ಯಾಕ್ಟರ್‌ಗೆ ಏರಿಸಿದ್ದು ತಂದೆ. ಸಣ್ಣ ರೊಟ್ಟಿಗಳಲ್ಲಿ ಒಂದರ ಅಂಚು ಒಡೆದಿತ್ತು, ಅದನ್ನೂ ಗಂಟಿಗೆ ಹಾಕಿದೆ ಎಂದು ಮುಂದಿನ ಭೇಟಿಯಲ್ಲಿ ಹೇಳಿದರು.

ಈಗ ತಿಂಗಳಿಗೊಮ್ಮೆ ಬರುತ್ತಾರೆ. ತಂದೆಗೆ ಬೆಳಗಿನ ಜಾವದವರೆಗೆ ನಿದ್ದೆ ಬರುತ್ತದೆ, ಔಷಧದ ಪ್ರಮಾಣವನ್ನು ವೈದ್ಯರು ಇಳಿಸಿದ್ದಾರೆ. ಶಾಲೆಯ ದಾರಿಯಲ್ಲಿ ಹೋಗುವುದು ಇನ್ನೂ ಎಲ್ಲ ದಿನ ಆಗುವುದಿಲ್ಲ. ಸೈಕಲ್ಲನ್ನು ಗೋದಾಮಿನಿಂದ ಮನೆಗೆ ತಂದು, ಚೈನಿಗೆ ಎಣ್ಣೆ ಹಾಕಿ, ಪಡಸಾಲೆಯಲ್ಲಿ ನಿಲ್ಲಿಸಿದ್ದಾರೆ. ಮಗನ ಕಾಲು ಇನ್ನೂ ಪೆಡಲಿಗೆ ಎಟುಕುವುದಿಲ್ಲ. ಅದನ್ನು ಅವನಿಗೆ ಕೊಡುವುದೋ, ಹಾಗೇ ಇಡುವುದೋ ಎಂದು ಅವರು ತೀರ್ಮಾನಿಸಿಲ್ಲ, ನಾನೂ ಕೇಳಿಲ್ಲ.